ಗಾಡಿ ಓಡುತ್ತಿದ್ದರೂ ಬ್ಯಾಟರಿ ಬರಿದಾಗುವದೇಕೆ?

ರಾಯಬಾಗ ತಾಲೂಕಿನ ಅಲಖನೂರದಲ್ಲಿ ನನ್ನ ಸೋದರಮಾವನವರದೊಂದು ಹಳೆಯ ಡೀಸೆಲ್ ಪಿಕಪ್ ಗಾಡಿ ಇದೆ. ಸುಗ್ಗಿಯಲ್ಲಿ ಊರವರ ಅರಿಷಿಣವನ್ನು ಕುಡಚಿ, ಉಗಾರ, ಮಿರಜಗಳ ಮೇಲಿಂದ ಸಾಂಗಲಿಯ ಪೇಟೆಗೆ ಮುಟ್ಟಿಸುವದು ಅದರ ಕೆಲಸ. ಮನೆಯ ಸಂಸಾರ ನಡೆಯುವದೂ ಅದರ ಮೇಲೆಯೇ. ಕಳೆದ ವರ್ಷ ಆ ಗಾಡಿ ಬೆಳಗಿನ ಹೊತ್ತು ಚಾಲೂ ಆಗಲೊಲ್ಲದಾಯಿತು. ಬ್ಯಾಟರಿ ಸತ್ತಿದೆಯೆಂದು ನಾಲ್ಕು ಜನ ಹೇಳಿದರು. ಮಾವ ಸಾಲ ಮಾಡಿ ಹೊಸದನ್ನು ತಂದು ಕೂಡಿಸಿದರು. ಹದಿನೈದು ದಿನಗಳಲ್ಲಿ ಅದೂ ಹಳೆಯದರ ಹಾದಿ ಹಿಡಿಯಿತು. ಇತಿಹಾಸ ಓದುವವನಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೆಟ್ಟದ್ದು ಬ್ಯಾಟರಿಯೋ, ಅದನ್ನು ತುಂಬುವ ಏರ್ಪಾಡೋ ಎಂದು ಅಲ್ಲಿಯ ವರೆಗೆ ಯಾರೂ ವಿಚಾರಿಸಿರಲಿಲ್ಲ. ನನ್ನ ಗೊಡವೆ ಇಷ್ಟೇ.

ಬ್ಯಾಟರಿಯೆಂಬುದು ಹಗೇವಿನಂತೆ. ತೆಗೆದಷ್ಟನ್ನು ಮತ್ತೆ ತುಂಬದಿದ್ದರೆ ಎಂಥ ಹಗೇವಾದರೂ ಬರಿದಾಗಲೇಬೇಕು. ಗಾಡಿಯಲ್ಲಿ ತುಂಬುವ ಕೆಲಸ ಆಲ್ಟರ್ನೇಟರಿನದು. ಇಂಜಿನ್ನು ಪಟ್ಟಿಯ ಮುಖಾಂತರ ಅದನ್ನು ತಿರುಗಿಸುತ್ತದೆ. ಒಳಗಿನ ಅಯಸ್ಕಾಂತವು ತಂತಿಯ ಸುರುಳಿಗಳ ನಡುವೆ ತಿರುಗಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ವವೇ ಇದು. ಹುಟ್ಟಿದ ವಿದ್ಯುತ್ತು ಹಿಂದೆ ಮುಂದೆ ಹರಿಯುವಂಥದು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ರೆಗ್ಯುಲೇಟರು ಅದನ್ನು 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಡುತ್ತದೆ.

ಹಳೆಯ ಡೀಸೆಲ್ ಗಾಡಿಯ ಸ್ವಭಾವವೇ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಕ್ಷಣಕ್ಷಣಕ್ಕೂ ವಿದ್ಯುತ್ ಕಿಡಿ ಬೇಕು. ಬ್ಯಾಟರಿ ಬರಿದಾದರೆ ಅದು ನಡುದಾರಿಯಲ್ಲೇ ನಿಲ್ಲುತ್ತದೆ. ಡೀಸೆಲ್ ಎಣ್ಣೆಯಾದರೋ ಒತ್ತಿದ ಗಾಳಿಯ ಕಾವಿಗೇ ಹೊತ್ತಿಕೊಳ್ಳುವದು. ಯಾಂತ್ರಿಕ ಪಂಪಿನ ಹಳೆಯ ಇಂಜಿನ್ನು ಒಮ್ಮೆ ಎದ್ದಿತೆಂದರೆ ಅದಕ್ಕೆ ವಿದ್ಯುತ್ತಿನ ಹಂಗು ಬಹಳ ಕಡಿಮೆ. ಆದ್ದರಿಂದ ತುಂಬುವ ಏರ್ಪಾಡು ಕೆಟ್ಟರೂ ಹಗಲೆಲ್ಲ ಗಾಡಿ ಓಡುತ್ತದೆ, ರಾತ್ರಿ ದೀಪ ಮಂಕಾಗುತ್ತದೆ, ಮರುದಿನ ಬೆಳಿಗ್ಗೆ ಸ್ಟಾರ್ಟರು ಬರಿ ಟಕ್ ಎನ್ನುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮ ಕಡೆಯ ಅನೇಕ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ಪಟ್ಟಿ ಹರಿದರೆ ಬೆಳಕಷ್ಟೇ ಅಲ್ಲ, ನಾಲ್ಕಾರು ಸಲ ತುಳಿಯುವಷ್ಟರಲ್ಲಿ ಬ್ರೇಕಿನ ಪೆಡಲೂ ಕಲ್ಲಾಗುತ್ತದೆ. ಹೇರು ತುಂಬಿದ ಗಾಡಿ ಇಳಿಜಾರಿನಲ್ಲಿದ್ದಾಗ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಪಂಪಿನ ಸೀಲು ಸವೆದರೆ ಎಣ್ಣೆಯು ಆಲ್ಟರ್ನೇಟರಿನೊಳಗೆ ಇಳಿದು ಬ್ರಷ್ಷುಗಳನ್ನು ಕೆಡಿಸುವದೂ ಉಂಟು.

ಪರೀಕ್ಷೆಗೆ ಬೇಕಾದದ್ದು ಒಂದು ಸಾದಾ ಮಲ್ಟಿಮೀಟರು. ಗಾಡಿ ಕೆಲವು ತಾಸು ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟಿದ್ದರೆ ಅದು ತುಂಬಿದೆ, 12.2 ಇದ್ದರೆ ಸುಮಾರು ಅರ್ಧ. ಇಂಜಿನ್ನು ನಡೆದಿರುವಾಗ 13.8ರಿಂದ 14.4ರ ವರೆಗೆ ಏರಬೇಕು. ಏರದಿದ್ದರೆ ತುಂಬುತ್ತಿಲ್ಲ, 15 ದಾಟಿದರೆ ರೆಗ್ಯುಲೇಟರು ಕೆಟ್ಟು ಬ್ಯಾಟರಿಯ ನೀರು ಕುದಿಯುತ್ತಿದೆ. ಚಾವಿ ತಿರುಗಿಸಿದಾಗ ಕೆಂಪು ದೀಪ ಹತ್ತಬೇಕು, ಇಂಜಿನ್ನು ಎದ್ದೊಡನೆ ಆರಬೇಕು. ಮೊದಲಿಗೆ ಹತ್ತದೆಯೇ ಇದ್ದರೆ ಅದನ್ನು ಶುಭಲಕ್ಷಣವೆಂದು ತಿಳಿಯಬಾರದು. ಆಲ್ಟರ್ನೇಟರಿಗೆ ಮೊದಲ ಪ್ರಚೋದನೆ ಸಿಕ್ಕುವದು ಬಹಳ ಗಾಡಿಗಳಲ್ಲಿ ಆ ದೀಪದ ಮುಖಾಂತರವೇ.

ಮಾವನ ಗಾಡಿಯಲ್ಲಿ ದೀಪ ಹತ್ತಿತು, ಆರಿತು. ಪಟ್ಟಿ ಬಿಗಿಯಾಗಿತ್ತು. ಆದರೂ ಮುಂದಿನ ದೀಪಗಳನ್ನು ಹಚ್ಚಿ ಅಳೆದರೆ ಬ್ಯಾಟರಿಯಲ್ಲಿ ಬರಿ 12.4! ಆಲ್ಟರ್ನೇಟರನ್ನು ಬಿಚ್ಚಬೇಕೆಂದು ಪಾನಾ ಕೈಗೆ ತೆಗೆದುಕೊಂಡಾಗ, ಮೋಟರಿನ ಕೆಲಸ ಬಲ್ಲ ಹಿರಿಯರೊಬ್ಬರು ಆಲ್ಟರ್ನೇಟರಿನ ದಪ್ಪ ತಂತಿ ಹೊರಡುವ ಬೋಲ್ಟಿನ ಮೇಲೆಯೇ ಮೀಟರನ್ನು ಇಡಹೇಳಿದರು. ಅಲ್ಲಿ 14.4 ಇತ್ತು. ಅಂದರೆ ಹುಟ್ಟಿದ 2 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು. ಅರ್ಧ ವೋಲ್ಟಿನ ಮೇಲೆ ಹೋದರೇ ತಪ್ಪು. ರೆಗ್ಯುಲೇಟರು ಅಳೆಯುವದು ತನ್ನ ಬಾಗಿಲನ್ನು ಮಾತ್ರ. ಅದಕ್ಕೆ ಎಲ್ಲವೂ ಸರಿಯಾಗಿತ್ತು, ಆದ್ದರಿಂದ ಕೆಂಪು ದೀಪವೂ ಸುಮ್ಮನಿತ್ತು.

ತಂತಿಯನ್ನು ಹಿಡಿದು ಹೋದೆವು. ನಡುವಿನ ಒಂದು ಜೋಡಣೆಯಲ್ಲಿ ತಾಮ್ರವು ಹಸಿರುಗಟ್ಟಿ, ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ಇಂಜಿನ್ನು ನಿಲ್ಲಿಸಿ, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದ ಮೇಲೆ ಅದನ್ನು ಉಜ್ಜುಕಾಗದದಿಂದ ತಿಕ್ಕಿ ಬಿಗಿದೆವು. (ಇಂಜಿನ್ನು ನಡೆದಿರುವಾಗಲೇ ಬ್ಯಾಟರಿಯ ತಂತಿ ಕಿತ್ತು ನೋಡುವವರಿದ್ದಾರೆ. ಡೈನಮೋ ಕಾಲದ ಆ ರೂಢಿ ಈಗ ಬೇಡ; ಏಕಾಏಕಿ ಏರುವ ವೋಲ್ಟೇಜಿಗೆ ಡಯೋಡುಗಳು ಸುಟ್ಟುಹೋಗುತ್ತವೆ.) ಮತ್ತೆ ಅಳೆದಾಗ ಬ್ಯಾಟರಿಯಲ್ಲಿ 14.1 ಬಂತು. ಖರ್ಚು ಒಂದು ಉಜ್ಜುಕಾಗದದ್ದು.

ಮರುವಾರ ಗಾಡಿ ಅರಿಷಿಣ ಹೇರಿಕೊಂಡು ಬೆಳಗಾಗುವ ಮೊದಲೇ ಸಾಂಗಲಿಗೆ ಹೊರಟಿತು. ಹಳೆಯ ಬ್ಯಾಟರಿಯನ್ನು ಮಾತ್ರ ಅಷ್ಟರಲ್ಲಿ ಗುಜರಿಗೆ ಕೊಟ್ಟಾಗಿತ್ತು. ಅದು ನಿಜವಾಗಿ ಸತ್ತಿತ್ತೋ ಇಲ್ಲವೋ ಎಂದು ಮಾವ ಇಂದಿಗೂ ಕೇಳುತ್ತಾರೆ.