ನಡೆಯದ ನಾಣ್ಯ, ಹರಿದ ಸೀರೆ, ಒಡೆದ ಬಳೆ

2011ರ ಜೂನ್ 30ಕ್ಕೆ ನಾಲ್ಕಾಣೆಯ ಋಣ ತೀರಿತು. 25 ಪೈಸೆಯೂ ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳೂ ಅಂದಿಗೆ ಚಲಾವಣೆ ಕಳೆದುಕೊಂಡವು. ಅಂಗಡಿಯವರು ಅವನ್ನು ಮುಟ್ಟುವುದನ್ನು ಎಷ್ಟೋ ಮೊದಲೇ ಬಿಟ್ಟಿದ್ದರೆನ್ನಿ. ಆದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಇಂಥ ಚಿಲ್ಲರೆಗೆ ಬೇರೊಂದು ಕೆಲಸ ಮೊದಲೇ ಸಿಕ್ಕಿತ್ತು. ಹೆಂಗಸರ ಕಾಂಚಳಿಯ (ರವಿಕೆಯ) ಅಂಚಿಗೆ, ತಲೆಯ ಮೇಲಿನ ಟೂಕ್ರಿಗೆ, ಮಕ್ಕಳ ಕುಲಾವಿಗೆ ಅದು ಸಾಲುಸಾಲಾಗಿ ಹೊಲಿಗೆಗೊಂಡಿತ್ತು. ಕಸದಿಂದ ಕಲೆ ಎಂಬುದು ಈಗ ಶಾಲೆಯ ವಸ್ತುಪ್ರದರ್ಶನದ ವಿಷಯ. ಈ ಬಯಲುಸೀಮೆಗೆ ಅದು ಹಳೆಯ ರೂಢಿ, ಹೆಸರಿಟ್ಟು ಕರೆಯುವ ಅಗತ್ಯವೂ ಬೀಳದಷ್ಟು ಹಳೆಯದು.

ನಾಣ್ಯ ಒಡವೆಯಾಗುವುದು ಹೇಗೆಂದು ಹತ್ತಿರದಿಂದ ನೋಡಬೇಕು. ಹಳೆಯ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತಿತ್ತು. 1940ರವರೆಗೆ ಅದರಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಬೆಳ್ಳಿ. ಯುದ್ಧ ಬಂದ ಮೇಲೆ ಅರ್ಧಕ್ಕರ್ಧ. ಇಂಥ ನಾಣ್ಯಕ್ಕೆ ತಿಳಿದವರು ತೂತು ಕೊರೆಸುತ್ತಿರಲಿಲ್ಲ. ಅಕ್ಕಸಾಲಿಗನ ಹತ್ತಿರ ಒಯ್ದು ಅಂಚಿಗೊಂದು ಪುಟ್ಟ ಕೊಂಡಿ ಬೆಸೆಸಿ, ಸರಕ್ಕೆ ಪೋಣಿಸುತ್ತಿದ್ದರು. ಕೊರೆದರೆ ಬೆಳ್ಳಿ ಪುಡಿಯಾಗಿ ಹೋಗುತ್ತದೆ, ಕೊಂಡಿಯಾದರೆ ಬಿಚ್ಚಬಹುದು. ಮಳೆ ಕೈಕೊಟ್ಟ ವರ್ಷ ಸರದಿಂದ ಎರಡು ನಾಣ್ಯ ಬಿಚ್ಚಿ ಮಾರಿದರೆ ಜೋಳಕ್ಕೆ ದಾರಿಯಾಯಿತು. ಕೊರಳಲ್ಲಿದ್ದದ್ದು ಒಡವೆಯೂ ಹೌದು, ಉಳಿತಾಯವೂ ಹೌದು.

ತೂತಿನ ಕಾಸಿನ ಮಾತು ಬೇರೆ. 1943ರಿಂದ 1947ರವರೆಗೆ ಸರ್ಕಾರವೇ ನಡುವೆ ತೂತಿಟ್ಟ ಒಂದು ಪೈಸೆಯ ಕಂಚಿನ ನಾಣ್ಯ ಹೊರಡಿಸಿತು. ಯುದ್ಧಕಾಲದಲ್ಲಿ ಲೋಹ ಉಳಿಸುವುದು ಅವರ ಲೆಕ್ಕ. ದಾರ ಹಿಡಿದು ಕುಳಿತವರಿಗೆ ಅದು ಅರ್ಧ ಕೆಲಸ ಮುಗಿಸಿಕೊಟ್ಟ ಹಾಗಾಯಿತು. ಮುಂದೆ 1960ರ ದಶಕದಿಂದ ಅಲ್ಯೂಮಿನಿಯಂ ಪೈಸೆಗಳು ಬರತೊಡಗಿದವು. ಮೂರು ಪೈಸೆಗೆ ಆರು ಮೂಲೆ, ಐದು ಪೈಸೆ ಮೂಲೆ ದುಂಡಾದ ಚೌಕ, ಹತ್ತು ಪೈಸೆಗೆ ಅಲೆಯಲೆಯಾದ ಅಂಚು. ಆಕಾರದಲ್ಲೇ ವಿನ್ಯಾಸ ಇತ್ತು. ಲೋಹ ಮೆತ್ತಗೆ, ಮೊಳೆಯೊಂದನ್ನಿಟ್ಟು ಕಲ್ಲಿನಿಂದ ಒಂದೇಟು ಹಾಕಿದರೆ ತೂತು. ಐದು ಪೈಸೆ ಒಂದೂವರೆ ಗ್ರಾಮಿನಷ್ಟು ಹಗುರ. ಐವತ್ತು ಹೊಲಿದರೂ ಬಟ್ಟೆ ಜಗ್ಗುವುದಿಲ್ಲ. ಐವತ್ತು ಬೆಳ್ಳಿ ರೂಪಾಯಿಯಾದರೆ ಅರ್ಧ ಕಿಲೋಗಿಂತ ಹೆಚ್ಚಾಗಿ ರವಿಕೆಯೇ ಹರಿದೀತು. ಹಾಗಾಗಿ ಬೆಳ್ಳಿ ಕೊರಳಿಗೆ, ಅಲ್ಯೂಮಿನಿಯಂ ಬಟ್ಟೆಗೆ. (ಈಗ ಯಾರಾದರೂ ಇದನ್ನು ಮಾಡಹೊರಟರೆ ಒಂದು ಎಚ್ಚರಿಕೆ: ಚಲಾವಣೆಯಲ್ಲಿರುವ ನಾಣ್ಯವನ್ನು ಕರಗಿಸುವುದು, ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಗುಜರಿ ಅಂಗಡಿಯ ಹಳೆ ಪೈಸೆಗಳೇ ಸಾಕು.)

ನಾಣ್ಯಕ್ಕಿಂತಲೂ ಹಿಂದೆ ಚಲಾವಣೆ ತಪ್ಪಿದ್ದು ಕವಡೆ. ಒಂದು ಕಾಲದಲ್ಲಿ ಸಮುದ್ರದಾಚೆಯ ಮಾಲ್ದೀವ್ಸ್‌ನಿಂದ ಹಡಗುಗಟ್ಟಲೆ ಬಂದು ಚಿಲ್ಲರೆ ಹಣವಾಗಿದ್ದ ಈ ಚಿಪ್ಪು, ಹಣದ ಕೆಲಸ ಹೋದಮೇಲೂ ಕಣ್ಮರೆಯಾಗಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೋದವರು ಕರಿಕಂಬಳಿಯ ಗೊರವಪ್ಪಗಳ ಮೈಮೇಲೆ ಕವಡೆ ಸರ ಕಂಡಿರುತ್ತಾರೆ. ಲಂಬಾಣಿ ಕಸೂತಿಯಲ್ಲೂ ಕವಡೆಗೆ ಜಾಗವಿದೆ. ಅದರ ಬೆನ್ನನ್ನು ತೇದು ಚಪ್ಪಟೆ ಮಾಡಿದರೆ ಬಟ್ಟೆಯ ಮೇಲೆ ಅಲುಗದೆ ಕೂರುತ್ತದೆ, ಸೂಜಿ ಹೋಗಲು ದಾರಿಯೂ ಆಗುತ್ತದೆ. ಕನ್ನಡಿ ಚೂರಿಗೆ ಮಾತ್ರ ಈ ಉಪಾಯ ನಡೆಯದು, ಗಾಜಿಗೆ ಮೊಳೆ ಹೊಡೆಯಲಾಗದು. ಅದರ ಮೇಲೆ ಮೊದಲು ಅಡ್ಡ ಎರಡು, ಉದ್ದ ಎರಡು ದಾರ ಎಳೆದು ಚೌಕಟ್ಟು ಕಟ್ಟುತ್ತಾರೆ. ಆಮೇಲೆ ಆ ಚೌಕಟ್ಟಿಗೆ ಸೂಜಿ ಸಿಕ್ಕಿಸಿ ಸುತ್ತಲೂ ಹೆಣೆಯುತ್ತ ದಾರವನ್ನು ಅಂಚಿಗೆ ಎಳೆದುಕೊಳ್ಳುತ್ತಾರೆ. ಕೊನೆಗೆ ಕನ್ನಡಿ ದಾರದ ಬಳೆಯೊಳಗೆ ಸಿಕ್ಕಿಬೀಳುತ್ತದೆ. ಅಂಟು ಬೇಡವೇ ಬೇಡ.

ಒಡೆದ ಬಳೆಗೂ ಒಂದು ವಿದ್ಯೆ ಇತ್ತು. ಚಿಮಣಿ ದೀಪದ ಕಾಲದಲ್ಲಿ ಹೆಣ್ಣುಮಕ್ಕಳು ಬಳೆಚೂರುಗಳನ್ನು ಬಣ್ಣವಾರು ಕೂಡಿಟ್ಟು, ಉರಿಯ ತುದಿಗೆ ಹಿಡಿದು ಬಗ್ಗಿಸುತ್ತಿದ್ದರು. ಬಳೆಯ ಗಾಜು ಸುಮಾರು 700 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ತೆಳು ಚೂರಿಗೆ ದೀಪದ ಉರಿಯೇ ಸಾಕಾಗುತ್ತದೆ. ಎರಡು ತುದಿ ಕೂಡಿದರೆ ಉಂಗುರ. ಕೂಡುವ ಮೊದಲು ಹಿಂದಿನ ಉಂಗುರದೊಳಗೆ ತೂರಿಸಿಕೊಂಡರೆ ಸರಪಳಿ, ಸರಪಳಿಗಳು ಸೇರಿದರೆ ಬಾಗಿಲ ತೋರಣ. ಬಿಸಿ ಚೂರನ್ನು ತಟ್ಟನೆ ತಣ್ಣೀರಿಗೆ ಹಾಕಿದರೆ ಚಟ್ಟೆಂದು ಸೀಳುತ್ತದೆ, ಬೂದಿಯಲ್ಲಿ ನಿಧಾನ ಆರಬಿಡಬೇಕು. ಚಂಡೀಗಡದಲ್ಲಿ ರಸ್ತೆ ಇಲಾಖೆಯ ನೌಕರ ನೇಕ್ ಚಂದ್ 1957ರಿಂದ ಯಾರಿಗೂ ಹೇಳದೆ ಕಟ್ಟುತ್ತಾ ಹೋದ ರಾಕ್ ಗಾರ್ಡನ್‌ನಲ್ಲಿ ಒಡೆದ ಬಳೆಗಳನ್ನೇ ಉಡುಪಾಗಿ ತೊಟ್ಟ ಗೊಂಬೆಗಳ ಸಾಲುಗಳಿವೆ. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು, ಜಗತ್ತು ಬಂದು ನೋಡಿತು. ನಮ್ಮ ಬಾಗಿಲ ತೋರಣಗಳನ್ನು ಯಾರೂ ಬಂದು ನೋಡಲಿಲ್ಲ, ಅಷ್ಟೇ ವ್ಯತ್ಯಾಸ.

ಇವೆಲ್ಲಕ್ಕಿಂತ ದೊಡ್ಡ ಕೆಲಸ ಕೌದಿಯದು. ಹಳೆಯ ಹತ್ತಿ ಸೀರೆ, ಧೋತರ, ಸವೆದ ಅಂಗಿ, ಎಲ್ಲವನ್ನೂ ಒಗೆದು, ಹೊಲಿಗೆ ಬಿಚ್ಚಿ, ಗಟ್ಟಿಯಿದ್ದಷ್ಟನ್ನು ಹರಿದಿಟ್ಟುಕೊಳ್ಳಬೇಕು. ಅಂಗಳದಲ್ಲಿ ಒಂದು ಸೀರೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲಿಟ್ಟು, ಮೇಲೆ ತುಂಡುಗಳನ್ನು ಪದರಪದರವಾಗಿ ಜೋಡಿಸಬೇಕು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಸಾಲುಗಳು ಒತ್ತೊತ್ತಾಗಿದ್ದಷ್ಟೂ ಬಾಳಿಕೆ ಹೆಚ್ಚು, ಏಕೆಂದರೆ ಸವೆದ ಬಟ್ಟೆಗೆ ಸ್ವಂತ ಬಲ ಇರುವುದಿಲ್ಲ; ಪದರಗಳನ್ನು ಹಿಡಿದು ನಿಲ್ಲಿಸುವುದು ದಾರ. ಕೌದಿ ಕೊಳ್ಳುವಾಗ ಮೇಲಿನ ಬಣ್ಣಕ್ಕೆ ಮರುಳಾಗದೆ ಮಗುಚಿ ನೋಡಬೇಕು ಎನ್ನುವುದು ಇದಕ್ಕೇ. ಅಡಿಯ ಹೊಲಿಗೆ ಮೇಲಿನಷ್ಟೇ ನೇರವಿದ್ದರೆ ಕೈ ಪಳಗಿದ್ದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ‘ಫೂಲ’ ಎಂಬ ಮಡಿಕೆಯ ತ್ರಿಕೋನ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಮುಗಿದಂತೆಯೇ ಅಲ್ಲ.

ಈಗ ಕೌದಿಗೆ ಎರಡು ಕಂಟಕ. ಒಂದು, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬರುತ್ತಾರೆ. ನಾಲ್ಕು ಸೀರೆಗೆ ಒಂದು ಡಬರಿ ಸಿಗುವಾಗ ತಿಂಗಳುಗಟ್ಟಲೆ ಸೂಜಿ ಹಿಡಿಯಲು ಯಾರಿಗೆ ಮನಸ್ಸಾದೀತು? ಇನ್ನೊಂದು, ಉಡುವ ಸೀರೆಯೇ ಪಾಲಿಯೆಸ್ಟರ್ ಆಗಿದೆ. ಅದು ಬೆವರು ಹೀರದು, ಪದರ ಜಾರುತ್ತದೆ, ಹೊದ್ದರೆ ಕಾವು. ಸವೆಯುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ.

ಪಕ್ಕದ ಸಂಡೂರಿನಲ್ಲಿ ಲಂಬಾಣಿ ಕಸೂತಿಗೆ ಮಾರುಕಟ್ಟೆಯ ದಾರಿ ಸಿಕ್ಕಿದೆ. ಸಂಡೂರು ಕುಶಲ ಕಲಾ ಕೇಂದ್ರ ತಾಂಡಾಗಳ ಹೆಂಗಸರಿಗೆ ದುಡಿಮೆ ಕೊಡುತ್ತ ಬಂದಿದೆ. ಈ ಕಸೂತಿಗೆ ಜಿಐ ಮಾನ್ಯತೆಯೂ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಕೂಡಿ ಮಾಡಿದ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆದರೆ ಬೇಡಿಕೆ ಹೆಚ್ಚಿದಂತೆ ಕಚ್ಚಾಮಾಲು ಬದಲಾಗುತ್ತದೆ. ನೂರು ಚೀಲಕ್ಕೆ ಒಂದೇ ಅಳತೆಯ ನಾಣ್ಯ ಗುಜರಿಯಲ್ಲಿ ಸಿಗದು. ಹಾಗಾಗಿ ನಾಣ್ಯದಂತೆ ಕಾಣುವ ಅಚ್ಚಿನ ಬಿಲ್ಲೆ, ಯಂತ್ರದಲ್ಲಿ ಕತ್ತರಿಸಿದ ಕನ್ನಡಿ, ಹೊಸ ಬಟ್ಟೆ ಬರುತ್ತವೆ. ಅದನ್ನು ನಕಲಿ ಎಂದು ಮೂಗು ಮುರಿಯುವುದು ನನಗೆ ಸರಿಕಾಣದು. ಈ ಕೆಲಸದಲ್ಲಿ ವಸ್ತು ಎಂದೂ ದುಬಾರಿಯಾಗಿರಲಿಲ್ಲ. ಕಿಲನ್, ವೇಲೆ, ಮಾಕಿ, ನಾಕ್ರಾ ಎಂದು ಹೆಸರು ಹೆಸರಿನ ಹೊಲಿಗೆ ಬಲ್ಲ ಕೈಯೇ ದುಬಾರಿ. ಕೊಳ್ಳುವವರು ‘ಚೂರು ಬಟ್ಟೆಗೆ ಇಷ್ಟೊಂದು ದುಡ್ಡೇ?’ ಎಂದು ಚೌಕಾಸಿಗಿಳಿದಾಗ ಕಡಿತವಾಗುವುದು ಆ ಕೈಯ ಕೂಲಿ.

ಮನೆಯಲ್ಲಿ ಶುರುಮಾಡುವವರಿಗೆ ದರ್ಜಿ ಅಂಗಡಿಯ ಚಿಂದಿ, ಗುಂಡಿ, ಹಳೆ ಪೈಸೆ, ಬಳೆಚೂರು ಒಳ್ಳೆಯ ಆರಂಭ. ಮುಟ್ಟಬಾರದ ಗುಜರಿಯೂ ಇದೆ. ಟ್ಯೂಬ್‌ಲೈಟಿನಲ್ಲಿ ಪಾದರಸ, ವಾಹನದ ಬ್ಯಾಟರಿಯಲ್ಲಿ ಸೀಸ, ಹಳೆ ರೇಡಿಯೋ-ಟೀವಿಗಳ ಬೆಸುಗೆಯಲ್ಲೂ ಸೀಸ. ತಾಮ್ರದ ಆಸೆಗೆ ವೈರ್ ಸುಡುವವರಿದ್ದಾರೆ; ಪ್ಲಾಸ್ಟಿಕ್ ಹೊದಿಕೆಯ ಹೊಗೆ ವಿಷ. ಬ್ಲೇಡಿನಿಂದ ಸೀಳಿ ಸುಲಿದರೆ ಒಳಗಿನ ತಂತಿ ಕಿವಿಯೋಲೆಗೆ ಬೇಕಾದಂತೆ ಬಾಗುತ್ತದೆ. ತಾಮ್ರ ಬೆವರಿಗೆ ಹಸಿರಾಗುವುದು ಸಹಜ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮತ್ತೆ ಫಳಫಳ.