ಮಂಡಕ್ಕಿಯಂತೆ ಅರಳುವ ಅಲ್ಯೂಮಿನಿಯಂ

160 ಕೆ.ಜಿ. ಅಲ್ಯೂಮಿನಿಯಂ ಗಟ್ಟಿಯಾಗಿದ್ದರೆ ಹಿಡಿಯುವ ಜಾಗ 59 ಲೀಟರ್. ಅದನ್ನೇ ಹದವಾಗಿ ಉಬ್ಬಿಸಿದರೆ 600 ಲೀಟರ್! ಎರಡು ಮೀಟರ್ ಉದ್ದದ ಆ ದಿಮ್ಮಿಯನ್ನು ಹೊನ್ನಾಳಿಯಲ್ಲಿ ತುಂಗಭದ್ರೆಗೆ ಉರುಳಿಸಿದರೆ ಮುಳುಗುವುದು ಕಾಲುಭಾಗಕ್ಕಿಂತ ಚೂರು ಹೆಚ್ಚು, ಅಷ್ಟೇ. ಮೇಲೆ ಇನ್ನೂ 440 ಕೆ.ಜಿ. ಹೇರಬಹುದು. ಆರು ಮಂದಿ ದೊಡ್ಡವರು ಕೂತು ಹೊಳೆ ದಾಟಿಯಾರು, ಮಗುಚದಿದ್ದರೆ.

ಇದು ಲೋಹದ ನೊರೆ, ಮೆಟಲ್ ಫೋಮ್. ದಾವಣಗೆರೆ ಸೀಮೆಯವರಿಗೆ ಇದರ ಮರ್ಮ ಹೊಸದಲ್ಲ. ಮಂಡಕ್ಕಿ ಭಟ್ಟಿಯ ಕಾದ ಮರಳು ತಾಗಿದೊಡನೆ ಅಕ್ಕಿಯೊಳಗಿನ ತೇವ ಹಬೆಯಾಗಿ ಮೆತ್ತಗಾದ ಕಾಳನ್ನು ಅರಳಿಸುತ್ತದೆ; ಆರಿದಾಗ ಉಬ್ಬು ಉಬ್ಬಾಗಿಯೇ ಉಳಿಯುತ್ತದೆ. ಲೋಹದಲ್ಲಿ ಹಬೆಯ ಕೆಲಸವನ್ನು ಬೇರೆ ಅನಿಲ ಮಾಡಬೇಕು. 1948ರಲ್ಲಿ ಅಮೆರಿಕದಲ್ಲಿ ಸಾಸ್ನಿಕ್ ಎಂಬವರು ಪೇಟೆಂಟ್ ಪಡೆದ ಉಪಾಯದಲ್ಲಿ ಅದು ಪಾದರಸದ ಆವಿ. ಇಂಥ ವಿಷವನ್ನು ಕುದಿಸುವ ಧೈರ್ಯ ಈಗ ಯಾರಿಗೂ ಬೇಡ.

ಜಪಾನಿನ ಶಿಂಕೊ ವೈರ್ ಕಂಪನಿಯ 'ಅಲ್ಪೊರಸ್' ವಿಧಾನದಲ್ಲಿ 680 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಅಲ್ಯೂಮಿನಿಯಂಗೆ ಶೇ. 1.5ರಷ್ಟು ಕ್ಯಾಲ್ಸಿಯಂ ಹಾಕಿ ಗಾಳಿಯಲ್ಲೇ ಕಲಕುತ್ತಾರೆ. ತೆಳು ದ್ರವದಲ್ಲಿ ಗುಳ್ಳೆ ನಿಲ್ಲದು, ಮೇಲೆದ್ದು ಒಡೆದುಹೋಗುತ್ತದೆ. ಕ್ಯಾಲ್ಸಿಯಂ ಅದನ್ನು ಮಂದ ಮಾಡುತ್ತದೆ. ಆಮೇಲೆ ಶೇ. 1.6ರಷ್ಟು ಟೈಟಾನಿಯಂ ಹೈಡ್ರೈಡ್ ಪುಡಿ. ಅದು ಬಿಡುವ ಹೈಡ್ರೋಜನ್ ಸುಮಾರು ಕಾಲು ಗಂಟೆಯಲ್ಲಿ ಅಚ್ಚನ್ನು ತುಂಬಿಸುತ್ತದೆ. ನಮ್ಮ ದಿಮ್ಮಿಗೆ ಬೇಕಾದ ಪುಡಿ ಎರಡೂವರೆ ಕೆ.ಜಿ. ಅದರಲ್ಲಿ ಅಡಗಿರುವ ಹೈಡ್ರೋಜನ್ ಪೂರ್ತಿ ಹೊರಬಂದರೆ ಆ ಬಿಸಿಯಲ್ಲಿ 4,000 ಲೀಟರ್! ಗುಳ್ಳೆಗಳೊಳಗೆ ನಿಲ್ಲುವುದು 540 ಲೀಟರ್ ಮಾತ್ರ. ಒಂದೊಂದು ಗುಳ್ಳೆ 4 ಮಿ.ಮೀ. ಅಗಲ ಎಂದುಕೊಂಡರೆ ದಿಮ್ಮಿಯಲ್ಲಿ 1.6 ಕೋಟಿ ಗುಳ್ಳೆ.

ಹತ್ತರಲ್ಲಿ ಒಂಬತ್ತು ಪಾಲು ಟೊಳ್ಳಾದ ಲೋಹಕ್ಕೆ ಬಲವೆಲ್ಲಿಯದು? ನಿಜಕ್ಕೂ ಕಡಿಮೆಯೇ. ಸಾಂದ್ರತೆ ಹತ್ತನೇ ಒಂದಕ್ಕೆ ಇಳಿದರೆ, ಬಾಗದೆ ನಿಲ್ಲುವ ಗುಣ ಅದರ ವರ್ಗದಂತೆ ನೂರನೇ ಒಂದಕ್ಕೆ ಕುಸಿಯುತ್ತದೆ. ಆದರೆ ಅಷ್ಟೇ ತೂಕದ ಹಲಗೆ ಈಗ ಹತ್ತು ಪಟ್ಟು ದಪ್ಪ. ಹಲಗೆಯ ಬಿಗಿ ದಪ್ಪದ ಘನದಂತೆ ಏರುವುದರಿಂದ ಸಾವಿರ ಪಟ್ಟು ಲಾಭ. ಸಾವಿರವನ್ನು ನೂರರಿಂದ ಭಾಗಿಸಿ: ಅಷ್ಟೇ ಲೋಹ, ಹತ್ತು ಪಟ್ಟು ಬಿಗಿ. ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸುವುದು ಈ ಭಾಗಾಕಾರ.

ಹತ್ತು ಸೆಂಟಿಮೀಟರಿನ ಘನವೊಂದನ್ನು ಕತ್ತರಿಸಿದರೆ ತೂಕ ಕಾಲು ಕೆ.ಜಿ. ಅದನ್ನು ಜಜ್ಜಲು ಬೇಕಾದ ಭಾರ ಸುಮಾರು 1,500 ಕೆ.ಜಿ.; ಚನ್ನಗಿರಿ ಅಡಿಕೆ ವ್ಯಾಪಾರಿಗಳ ಲೆಕ್ಕದಲ್ಲಿ 15 ಕ್ವಿಂಟಾಲ್. ತನ್ನ ತೂಕದ ಆರು ಸಾವಿರ ಪಟ್ಟು! ಜಜ್ಜುವಾಗಲೂ ಫಟ್ಟನೆ ಒಡೆಯದು. ಗುಳ್ಳೆಗಳು ಪದರಪದರವಾಗಿ ಕುಸಿಯುತ್ತ, ಎತ್ತರ ಅರ್ಧಕ್ಕಿಳಿಯುವವರೆಗೂ ಹೆಚ್ಚುಕಡಿಮೆ ಅದೇ ಪ್ರತಿರೋಧ ಕೊಡುತ್ತವೆ. ಒಂದು ಟನ್ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಗುದ್ದಿದರೆ ಅದರ ಶಕ್ತಿಯನ್ನೆಲ್ಲ ನುಂಗಲು 17 ಕೆ.ಜಿ. ನೊರೆ ಸಾಕು. ಕಾಗದದ ಮೇಲಿನ ಲೆಕ್ಕ, ಹೌದು.

ಕಾಗದ ಬಿಟ್ಟು ಇಳಿದರೆ 1.6 ಕೋಟಿ ಗುಳ್ಳೆಗಳೂ ಒಂದೇ ಸಮ ಅರಳಿರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಯು. ರಾಮಮೂರ್ತಿ, ಸಂಶೋಧಕ ಎ. ಪಾಲ್ ಜೊತೆ 2004ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯವೇ ಅದು: ಅಲ್ಪೊರಸ್ ತುಂಡುಗಳ ಗುಣ ತುಂಡಿನಿಂದ ತುಂಡಿಗೆ ಎಷ್ಟು ಏರುಪೇರಾಗುತ್ತದೆ ಎಂಬುದು. ಕುಸಿತ ಶುರುವಾಗುವುದು ಅತಿ ದುರ್ಬಲ ಪದರದಿಂದ. ತುಂಡು ತೀರ ಚಿಕ್ಕದಾದರೆ ಅಳತೆಯೂ ಮೋಸ ಮಾಡುತ್ತದೆ. ಅಂಚಿನುದ್ದಕ್ಕೆ ಕನಿಷ್ಠ ಏಳು ಗುಳ್ಳೆಯಾದರೂ ಇರಲಿ ಎನ್ನುತ್ತಾರೆ ಪರೀಕ್ಷಿಸುವವರು, 4 ಮಿ.ಮೀ. ಗುಳ್ಳೆಯ ನೊರೆಗೆ ಅದು ಸುಮಾರು ಮೂರು ಸೆಂಟಿಮೀಟರ್.