ದೂರದ ಯಂತ್ರದೊಡನೆ ಸಂಭಾಷಣೆ

ಸೋಮನಾಥಪುರವು ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ ಊರು. ಇಂಥ ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಚೇರಿಗಳನ್ನು ಬೆಂಗಳೂರಿನೊಡನೆ ಬೆಸೆಯುವುದು ಕೆಸ್ವಾನ್ ಎಂಬ ರಾಜ್ಯವ್ಯಾಪಿ ಜಾಲ. ಯಾವ ಜಾಲದಲ್ಲೇ ಆಗಲಿ, ಸಂದೇಶಗಳಿಗೆ ದಾರಿ ತೋರುವ ಯಂತ್ರವೇ ರೌಟರ್. ನೂರಾರು ಊರುಗಳ ರೌಟರುಗಳಲ್ಲಿ ಒಂದೇ ಒಂದು ಸಾಲನ್ನು ತಿದ್ದಬೇಕಾದರೂ ಎಂಜಿನಿಯರನು ಕುಳಿತಲ್ಲಿಂದ ನೂರಾರು ಸಲ ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸಿ ಒಳಹೊಗಬೇಕಷ್ಟೆ. ಈ ಬೇಸರದ ಕೆಲಸವನ್ನು ಗಣಕಯಂತ್ರದಿಂದಲೇ ಮಾಡಿಸುವ ಆಜ್ಞೆಗಳ ಬರಹಕ್ಕೆ ಸ್ಕ್ರಿಪ್ಟ್ ಎಂದು ಹೆಸರು.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರವಿಜ್ಞಾನ ಸಂಸ್ಥೆಯ ಡಾನ್ ಲಿಬ್ಸ್ ಅವರು 1990ರಲ್ಲಿ ಬೆಳಕಿಗೆ ತಂದ ‘ಎಕ್ಸ್‌ಪೆಕ್ಟ್’ ಈ ಬಗೆಯ ಸಾಧನಗಳಲ್ಲಿ ಪ್ರಸಿದ್ಧವಾದುದು. ದೂರದ ಯಂತ್ರವು ಇಂಥ ಮಾತನ್ನು ಆಡುವವರೆಗೆ ಕಾಯುವುದು, ಬಳಿಕ ಉತ್ತರ ಕಳುಹಿಸುವುದು: ಇಷ್ಟೇ ಅದರ ತತ್ತ್ವ. ತೊಡಕು ಹುಟ್ಟುವುದೂ ಈ ಕಾಯುವಿಕೆಯಲ್ಲಿಯೇ. ‘ಪಾಸ್‌ವರ್ಡ್’ ಎಂಬ ಪದವನ್ನು ಒಂದು ಯಂತ್ರ ಇಂಗ್ಲಿಷಿನ ದೊಡ್ಡಕ್ಷರದಿಂದ ಆರಂಭಿಸಿದರೆ ಮತ್ತೊಂದು ಚಿಕ್ಕಕ್ಷರದಿಂದ ಆರಂಭಿಸುತ್ತದೆ. ಅನುಭವಿಗಳು ಮೊದಲಕ್ಷರವನ್ನೇ ಬಿಟ್ಟು ಉಳಿದ ಭಾಗಕ್ಕಾಗಿ ಕಾಯಿಸುವುದುಂಟು! ಉತ್ತರವು ಉದ್ದವಾದರೆ ರೌಟರು ಒಂದು ಪುಟ ತೋರಿಸಿ, ಕೀಲಿ ಒತ್ತುವವರೆಗೆ ಸುಮ್ಮನೆ ನಿಲ್ಲುತ್ತದೆ, ಸ್ಕ್ರಿಪ್ಟೂ ನಿಲ್ಲುತ್ತದೆ.

ಸುಮ್ಮನೆ ನಿಂತರೆ ಹಾನಿಯಿಲ್ಲ. ಎಕ್ಸ್‌ಪೆಕ್ಟ್ ಸಾಮಾನ್ಯವಾಗಿ ಕಾಯುವುದು 10 ಸೆಕೆಂಡು ಮಾತ್ರ. ಅವಧಿ ಮೀರಿದಾಗ ಏನು ಮಾಡಬೇಕೆಂದು ನಾವು ಬರೆದಿರದಿದ್ದರೆ ಅದು ಮುಂದಿನ ಆಜ್ಞೆಗೆ ಕಣ್ಣುಮುಚ್ಚಿ ಸಾಗುತ್ತದೆ. ಹೆಸರು ಕೇಳಿದ ಕಡೆ ಗುಪ್ತಪದವು ಹೋಗಿ ಬಿದ್ದು, ವಿಫಲ ಪ್ರವೇಶಗಳ ದಿನಚರಿಯಲ್ಲಿ ಎಲ್ಲರಿಗೂ ಕಾಣುವಂತೆ ದಾಖಲಾಗಬಹುದು.

ಆದ್ದರಿಂದ ಎರಡು ಕಡೆಯ ಮಾತುಗಳನ್ನೂ ಬರೆದಿಟ್ಟು ಓದುವುದೇ ದೋಷ ಹುಡುಕುವ ಮೊದಲ ಹೆಜ್ಜೆ. ಗುಪ್ತಪದವನ್ನು ಮಾತ್ರ ಅಲ್ಲಿ ಬರೆಯಗೊಡಬಾರದು. ಸೋಮನಾಥಪುರದಲ್ಲಿ 1258ರಲ್ಲಿ ಪ್ರತಿಷ್ಠಿತವಾದ ಕೇಶವ ದೇವಾಲಯದ ಶಿಲ್ಪಿ ಮಲ್ಲಿತಮ್ಮನು ಮೂರ್ತಿಗಳ ಕೆಳಗೆ ಹೆಸರು ಕೆತ್ತಿದುದರಿಂದಲೇ ಅವು ಯಾರ ಕೈಕೆಲಸವೆಂದು ನಾವು ಇಂದು ಹೇಳಬಲ್ಲೆವು. ಯಾವ ಸ್ಕ್ರಿಪ್ಟು ಯಾವ ರೌಟರನ್ನು ಎಂದು ಮುಟ್ಟಿತೆಂಬುದೂ ಹಾಗೆಯೇ ದಾಖಲೆಯಲ್ಲಿರಬೇಕು.

ಇನ್ನೊಂದು ಅಪಾಯವಿದೆ: ತಾನು ಬಂದ ದಾರಿಯನ್ನೇ ಸ್ಕ್ರಿಪ್ಟು ಕಡಿದುಬಿಡುವುದು. ಆಗ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಒಬ್ಬರು ಆ ಊರಿಗೇ ಹೋಗಬೇಕಾದೀತು. ಅಷ್ಟರವರೆಗೆ ಅಲ್ಲಿಯ ಕೆಲಸ ನಿಂತಿರುತ್ತದೆ. ಸಿಸ್ಕೋ ರೌಟರುಗಳಲ್ಲಿ ಇದಕ್ಕೊಂದು ಸೊಗಸಾದ ಉಪಾಯವುಂಟು. ಬದಲಾವಣೆಗೆ ಮುಂಚೆ, 10 ನಿಮಿಷಗಳ ಬಳಿಕ ಮರುಚಾಲನೆಗೊಳ್ಳೆಂದು ಅದಕ್ಕೆ ಆಜ್ಞಾಪಿಸುತ್ತಾರೆ. ತಿದ್ದಿದುದನ್ನು ಕೂಡಲೇ ಉಳಿಸುವುದಿಲ್ಲ. ಎಲ್ಲವೂ ನೆಟ್ಟಗಿದ್ದರೆ ಆಜ್ಞೆಯನ್ನು ಹಿಂತೆಗೆದುಕೊಂಡು ಉಳಿಸುತ್ತಾರೆ. ಸಂಪರ್ಕ ಕಡಿದಿದ್ದರೆ ಹತ್ತನೆಯ ನಿಮಿಷಕ್ಕೆ ರೌಟರು ತಾನೇ ಮರುಚಾಲನೆಗೊಂಡು ಹಳೆಯ ವ್ಯವಸ್ಥೆಗೆ ಮರಳುತ್ತದೆ.